ಎಂಜೈಮ್ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತಾ?

ಪ್ರಶ್ನೆ: ಹಲ್ಲು ಕೀಳಿಸಿದಾಗ ಊತ ಇಳಿಯಲಿ ಅಂತ ಡಾಕ್ಟರು ಸೆರಾಶಿಯೋಪೆಪ್ಟಿಡೇಸ್ ಮಾತ್ರೆ ಬರೆದುಕೊಟ್ಟರು. ಅದು ಪ್ರೋಟೀನ್ ಕತ್ತರಿಸುವ ಎಂಜೈಮ್ ಅಂತೆ. ಬಿಳಿ ರಕ್ತಕಣಗಳು ಚುರುಕಾಗಲೂ ಇಂಥ ಎಂಜೈಮ್ ಬೇಕು ಅಂತ ಓದಿದೆ. ಹಾಗಾದರೆ ಇದನ್ನು ದಿನಾ ತಗೊಂಡರೆ ರೋಗನಿರೋಧಕ ಶಕ್ತಿ ಜಾಸ್ತಿಯಾಗುತ್ತಾ?

ಉತ್ತರ: ಇಲ್ಲ. ನೀವು ಓದಿದ್ದು ನಿಜ, ಆದರೆ ಆ ಎಂಜೈಮ್‌ಗಳೇ ಬೇರೆ. ಹೊಟ್ಟೆಯ ಪೆಪ್ಸಿನ್ ಸಿಕ್ಕ ಪ್ರೋಟೀನನ್ನೆಲ್ಲ ಚೂರು ಮಾಡುತ್ತದೆ. ಬಿಳಿ ರಕ್ತಕಣದೊಳಗಿನ ಎಂಜೈಮ್‌ಗಳು ಗೊತ್ತಾದ ಪ್ರೋಟೀನನ್ನು ಗೊತ್ತಾದ ಜಾಗದಲ್ಲಷ್ಟೇ ಕತ್ತರಿಸುತ್ತವೆ.

ಗೌಟ್ ನೋವನ್ನೇ ನೋಡಿ. ಕೀಲಿನಲ್ಲಿ ಕೂತ ಯೂರಿಕ್ ಆಸಿಡ್ ಹರಳನ್ನು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣ ನುಂಗುತ್ತದೆ. ಆಗ ಅದರೊಳಗೆ ಕೆಲವು ಪ್ರೋಟೀನ್‌ಗಳು ಗುಂಪುಗೂಡಿ ಕ್ಯಾಸ್ಪೇಸ್-1 ಎಂಬ ಎಂಜೈಮನ್ನು ಎಬ್ಬಿಸುತ್ತವೆ. ಈ ಗುಂಪಿಗೆ ಇನ್‌ಫ್ಲಮಸೋಮ್ ಅಂತ 2002ರಲ್ಲಿ ಹೆಸರಿಟ್ಟರು. ಉರಿಯೂತ ತರುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನ್ ಅಲ್ಲಿಯವರೆಗೆ ಸುಮ್ನೆ ಬಿದ್ದಿರುತ್ತದೆ. ಅದರ ತೂಕ ಸುಮಾರು 31 ಕಿಲೋಡಾಲ್ಟನ್ (ಅಣುಗಳ ತೂಕದ ಅಳತೆ). ಕ್ಯಾಸ್ಪೇಸ್-1 ಕತ್ತರಿಸಿ 17ಕ್ಕೆ ಇಳಿಸಿದ ಮೇಲೇ ಅದು ಕೆಲಸಕ್ಕೆ ಬರುವುದು. ಆದರೆ ಹೊರಗೆ ಹೋಗಬೇಕಲ್ಲ? ಅದೇ ಎಂಜೈಮ್ ಗ್ಯಾಸ್‌ಡರ್ಮಿನ್-ಡಿ ಎಂಬ ಇನ್ನೊಂದು ಪ್ರೋಟೀನನ್ನೂ ಕತ್ತರಿಸುತ್ತದೆ. ಅದರ ತುಂಡುಗಳು ಸೇರಿ ಕಣದ ಪೊರೆಗೆ ತೂತು ಕೊರೆಯುತ್ತವೆ. ಇದು ತಿಳಿದದ್ದು 2015ರಲ್ಲಿ. ಎಷ್ಟೋ ಸಲ ಕಣವೇ ಒಡೆದು ಸಾಯುತ್ತದೆ. ಕಾಲ್ಬೆರಳು ಕೆಂಪಗೆ ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋಗುವಂತಾಗುವುದರ ಹಿಂದೆ ಈ ಕತ್ತರಿಯ ಕೈವಾಡ ದೊಡ್ಡದು.

ಟಿ ಕಣ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಎಂಎಎಲ್‌ಟಿ1 ಎಂಬ ಎಂಜೈಮ್ ಇದೆ. ಅದು ಕತ್ತರಿಸುವುದು ಕಣವನ್ನು ತಡೆದು ಹಿಡಿದಿರುವ ಎ20ಯಂಥ ಪ್ರೋಟೀನ್‌ಗಳನ್ನು, ಅಂದರೆ ಬ್ರೇಕ್‌ಗಳನ್ನೇ. ಹುಟ್ಟಿನಿಂದಲೇ ಎಂಎಎಲ್‌ಟಿ1 ಇಲ್ಲದ ಮಕ್ಕಳಿಗೆ ಸೋಂಕು ಬೆನ್ನು ಬಿಡುವುದಿಲ್ಲ. ಅತಿಯಾದರೂ ಕಷ್ಟವೇ: ಕೆಲವು ಲಿಂಫೋಮಾ ಕ್ಯಾನ್ಸರ್‌ಗಳಲ್ಲಿ ಇದು ನಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಕತ್ತರಿಸಿದ ಪ್ರೋಟೀನನ್ನು ಮತ್ತೆ ಅಂಟಿಸಲು ಆಗುವುದಿಲ್ಲ. ಅದಕ್ಕೇ ದೇಹ ಇವನ್ನು ಬೀಗ ಹಾಕಿ ಇಟ್ಟಿರುತ್ತದೆ. ಇವನ್ನು ‘ಜಾಸ್ತಿ’ ಮಾಡಿಕೊಳ್ಳುವ ಆಸೆಯೇ ಬೇಡ, ಅಲ್ವಾ?

ಇನ್ನು ನಿಮ್ಮ ಮಾತ್ರೆ. ರೇಷ್ಮೆಹುಳುವಿನ ಕರುಳಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಎಂಜೈಮ್ ಅದು. ಊತ ಇಳಿಸುತ್ತದೆ ಎನ್ನುವುದಕ್ಕೇ ಗಟ್ಟಿ ಪುರಾವೆ ಇಲ್ಲ. ಪರೀಕ್ಷೆಯಲ್ಲಿ ಔಷಧವಿಲ್ಲದ ಮಾತ್ರೆಗಿಂತ ಮೇಲು ಅಂತ ತೋರಿಸಲಾಗದೆ, ಜಪಾನಿನಲ್ಲಿ ತಯಾರಕ ಕಂಪನಿಯೇ 2011ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಡಾಕ್ಟರು ಹೇಳಿದಷ್ಟು ದಿನ ನುಂಗಿ, ಆಮೇಲೆ ನಿಲ್ಲಿಸಿ. ರಕ್ತ ತೆಳುವಾಗಿಸುವ ಔಷಧ ತಗೊಳ್ಳುತ್ತಿದ್ದರೆ ಅವರಿಗೆ ಮೊದಲೇ ಹೇಳಿಬಿಡಿ.