ಮೊಮೆಂಟ್, ಬಿಟ್ಟೆ!

ತಂಗಿ, ನಿನ್ನ ಮೆಸೇಜನ್ನು ಮೂರು ಸಲ ಓದಿದೆ. ಹೊಸನಗರದಿಂದ ಜರ್ಮನಿಗೆ ಬಂದು ಎರಡೂವರೆ ತಿಂಗಳಾಯಿತು, ವಾರ್ಡಿನ ಫೋನ್ ಬಡಿದುಕೊಂಡರೆ ಎದೆ ಡವಡವ ಅನ್ನುತ್ತದೆ, ಓದಿದ್ದು ಕನ್ನಡ ಮೀಡಿಯಂ, ಬಾಯಿ ತಿರುಗುವುದಿಲ್ಲ, ಬಿಎಸ್ಸಿ ನರ್ಸಿಂಗ್ ಮಾಡಿ ಮುದುಕರ ಮೈ ಒರೆಸಬೇಕಾಗಿದೆ ಅಂತ ಬರೆದಿದ್ದೀಯ. ಕೊನೆಗೆ, "ಅಕ್ಕಾ, ಇದಕ್ಕೆ ದೇವರ ಚಿತ್ತ ಇಲ್ಲ ಅನ್ಸುತ್ತೆ, ವಾಪಸ್ ಹೋಗ್ಲಾ?" ಅಂತ ಕೇಳಿದ್ದೀಯ.

ಹೋಗಬೇಕು ಅನ್ನಿಸಿದರೆ ಹೋಗು, ಅದರಲ್ಲಿ ಅವಮಾನ ಏನಿಲ್ಲ. ಆದರೆ ಫೋನಿನ ಭಯಕ್ಕೆ ದೇವರ ಚಿತ್ತ ಅಂತ ಹೆಸರಿಡಬೇಡ ಮಾರಾಯ್ತಿ. ನಾನೂ ಹಾಗೆ ಹೆಸರಿಟ್ಟವಳೇ.

ನನಗೆ ಚಿಕ್ಕಂದಿನಿಂದ ಉಗ್ಗು. ‘ಪ’ ಬಂದರೆ ಮುಗಿಯಿತು. ತೀರ್ಥಹಳ್ಳಿಯ ಶಾಲೆಯಲ್ಲಿ "ಪ್ರೆಸೆಂಟ್" ಅನ್ನಲಾಗದೆ, ಬೆಂಚಿನ ಮೇಲೆ ಕೂತಿದ್ದಾಗಲೇ ಎಷ್ಟೋ ದಿನ ಗೈರುಹಾಜರಿ ಬಿದ್ದಿದೆ. ಇಲ್ಲಿಗೆ ಬಂದರೆ ಪಾತ್ಸಿಯೆಂಟ್, ಪುಲ್ಸ್, ಎಲ್ಲದಕ್ಕೂ ‘ಪ’ವೇ! ಮೊದಲ ಚಳಿಗಾಲದಲ್ಲಿ ಫೋನ್ ಬಂದಾಗಲೆಲ್ಲ ನಾನು ಬೆಡ್‌ಪ್ಯಾನ್ ತೊಳೆಯುವ ಕೋಣೆಗೆ ಓಡುತ್ತಿದ್ದೆ. ನಮ್ಮ ವಾರ್ಡಿನಷ್ಟು ಸ್ವಚ್ಛ ಬೆಡ್‌ಪ್ಯಾನ್ ಇಡೀ ಆಸ್ಪತ್ರೆಯಲ್ಲಿ ಇರಲಿಲ್ಲ.

ಒಂದು ಸಂಜೆ ಹತ್ತಿರ ಯಾರೂ ಇರಲಿಲ್ಲ. ಡಿಸೆಂಬರ್, ನಾಲ್ಕೂವರೆಗೇ ಕತ್ತಲೆ. ಫೋನ್ ಎತ್ತಿದೆ. ಲ್ಯಾಬಿನವರು ಯಾರದೋ ರಕ್ತದ ರಿಪೋರ್ಟ್ ಗಡಗಡ ಓದತೊಡಗಿದರು. "ಮೊಮೆಂಟ್, ಬಿಟ್ಟೆ" ಅಂದೆ. ಒಂದು ನಿಮಿಷ, ದಯವಿಟ್ಟು ಅಂತ ಅರ್ಥ. ಆದರೆ ನಾನು ಕನ್ನಡದ ‘ಬಿಟ್ಟೆ’ಯನ್ನೇ ಮಾಡಿದೆ. ರಿಸೀವರ್ ಮೇಜಿನ ಮೇಲೆ ಬಿಟ್ಟು ಹೊರಟೇಹೋದೆ. ಪೋಲೆಂಡಿನ ಒಬ್ಬ ಹಿರಿಯ ನರ್ಸ್ ಬಂದು ಮಾತಾಡಿ ಮುಗಿಸಿದಳು. ಬೈಯಲಿಲ್ಲ. ಗ್ಲೌಸ್ ಡಬ್ಬಿಯ ರಟ್ಟು ಹರಿದು ಮೂರು ವಾಕ್ಯ ಬರೆದಳು: ನಿಧಾನಕ್ಕೆ ಹೇಳಿ. ನಾನು ಬರೆದುಕೊಳ್ಳುತ್ತೇನೆ. ಈಗ ತಿರುಗಿ ಓದುತ್ತೇನೆ, ಸರಿ ಇದೆಯಾ ನೋಡಿ. ಆ ರಟ್ಟನ್ನು ಫೋನಿನ ಪಕ್ಕ ಅಂಟಿಸಿದಳು. ಮಾರನೇ ದಿನದಿಂದ ಫೋನ್ ಬಂದರೆ ನನ್ನನ್ನೇ ಕೂಗುತ್ತಿದ್ದಳು. ತಾನು ಪಕ್ಕದಲ್ಲೇ ನಿಂತಿರುತ್ತಿದ್ದಳು, ಅಷ್ಟೇ.

ಆಗ ನೆನಪಾದವನು ಬೈಬಲಿನ ಮೋಶೆ. ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯ ಈಗೊಮ್ಮೆ ಓದು, ಭಾನುವಾರದ ಪ್ರಸಂಗದ ಕಿವಿಯಿಂದಲ್ಲ, ನಿನ್ನ ಫೋನಿನ ಕಥೆ ಅಂತಲೇ ಓದು. ಐಗುಪ್ತದಲ್ಲಿ ಗುಲಾಮರಾಗಿರುವ ನನ್ನ ಜನರನ್ನು ಬಿಡಿಸಿ ತಾ ಅಂತ ದೇವರು ಕಳಿಸಿದರೆ ಮೋಶೆ ಅಂದದ್ದು: ನಾನ್ಯಾರು ಹೋಗೋಕೆ? ನಿನ್ನ ಹೆಸರು ಕೇಳಿದರೆ ಏನು ಹೇಳಲಿ? ಅವರು ನಂಬದಿದ್ದರೆ? ನನ್ನ ನಾಲಿಗೆ ಮಂದ. ನಾಲ್ಕಕ್ಕೂ ದೇವರು ತಾಳ್ಮೆಯಿಂದ ಉತ್ತರ ಕೊಡುತ್ತಾನೆ. ಐದನೇ ಸಲ ಮೋಶೆ, ಬೇರೆ ಯಾರನ್ನಾದರೂ ಕಳಿಸು ಅನ್ನುತ್ತಾನೆ. ದೇವರಿಗೆ ಸಿಟ್ಟು ಬರುವುದು ಆಗಲೇ. ಮೊದಲ ನಾಲ್ಕು ಕಷ್ಟ, ಐದನೆಯದು ನೆಪ. ನನ್ನ ಲೆಕ್ಕದಲ್ಲಿ ಉಗ್ಗು ಕಷ್ಟ, ಬೆಡ್‌ಪ್ಯಾನ್ ಕೋಣೆ ನೆಪ. ಮೋಶೆಗೆ ಆಗ 80 ವರ್ಷ, ನಿನಗೆ 24.

ಇನ್ನೊಂದು ನೋಡು. ಅವನ ನಾಲಿಗೆ ಸರಿಹೋಯಿತು ಅಂತ ಎಲ್ಲೂ ಬರೆದಿಲ್ಲ. ಜೊತೆಗೆ ಅಣ್ಣ ಆರೋನ ಸಿಕ್ಕಿದ. ಪ್ರಾರ್ಥನೆ ಮಾಡಿದ್ದಕ್ಕೆ ನನಗೂ ಉಗ್ಗು ಹೋಗಲಿಲ್ಲ, ಜರ್ಮನ್ ಬರಲಿಲ್ಲ. ಜರ್ಮನ್ ಬಂದದ್ದು ಆ ರಟ್ಟಿನಿಂದ. ಆದರೆ ಫೋನ್ ಕಡೆ ನಡೆಯುವ ಆ ಹತ್ತು ಹೆಜ್ಜೆಯಲ್ಲಿ ದೇವರು ಮೋಶೆಗೆ ಹೇಳಿದ "ನಾನು ನಿನ್ನ ಸಂಗಡ ಇರುತ್ತೇನೆ" ಅನ್ನುವ ಮಾತೊಂದು ಇಲ್ಲದಿದ್ದರೆ, ನಾನು ಇವತ್ತಿಗೂ ಬೆಡ್‌ಪ್ಯಾನ್ ಕೋಣೆಯಲ್ಲೇ ಇರುತ್ತಿದ್ದೆ.

ಮೈ ಒರೆಸುವ ವಿಷಯ. ಊರಿನ ಆಸ್ಪತ್ರೆಗಳಲ್ಲಿ ಅದನ್ನು ಜಾಸ್ತಿ ಮನೆಯವರೇ ಮಾಡುತ್ತಾರೆ, ಇಲ್ಲಿ ಅದು ನರ್ಸ್ ಕೆಲಸವೇ. ಜರ್ಮನ್ ಭಾಷೆಯ ಬಿ2 ಹಂತದ ಪರೀಕ್ಷೆ ಪಾಸಾಗಿ ನಿನ್ನ ಪದವಿಗೆ ಇಲ್ಲಿನ ಮಾನ್ಯತೆ ಸಿಕ್ಕ ಮೇಲೂ ತಪ್ಪುವುದಿಲ್ಲ. "ನಿನ್ನ ಕೈಯಲ್ಲಿರೋದು ಏನು?" ಅಂತ ದೇವರು ಕೇಳಿದಾಗ ಮೋಶೆಯ ಹತ್ತಿರ ಇದ್ದದ್ದು ಕುರಿ ಕಾಯುವ ಕೋಲು. ನಾನು ಹುಡುಗಿಯಾಗಿದ್ದಾಗ ಅಡಿಕೆ ಸುಲಿದು ಕಪ್ಪಾದ ಇದೇ ಕೈಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಎರಡು ಮಳೆಗಾಲ ನೋಡಿಕೊಂಡಿದ್ದೆ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ನನಗೆ ಯಾವ ಕಾಲೇಜೂ ಅಜ್ಜಿಯಷ್ಟು ಚೆನ್ನಾಗಿ ಕಲಿಸಲಿಲ್ಲ. ಅವಳ ಬಾಯಿಯೂ ಜೋರಿತ್ತು, ಅದು ಬೇರೆ ಕಥೆ.

ಸಣ್ಣಪುಟ್ಟದ್ದು: ವಿಳಾಸ ನೋಂದಾಯಿಸುವಾಗ ಕ್ಯಾಥೊಲಿಕ್ ಅಂತ ಬರೆದಿದ್ದರೆ ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯುತ್ತಾರೆ. ನೀನಿರುವ ಬವೇರಿಯಾ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8%. ಚೀಟಿ ನೋಡಿ ಗಾಬರಿಯಾಗಬೇಡ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಅಕ್ಕಿ ಶನಿವಾರವೇ ತಂದಿಟ್ಟುಕೋ.

ಭಾನುವಾರ ಪೂಜೆ ಮುಗಿದ ಮೇಲೆ ನನಗೆ ಫೋನ್ ಮಾಡು. ಮೆಸೇಜ್ ಅಲ್ಲ, ಫೋನ್. ಮೊದಲ ಐದು ನಿಮಿಷ ಜರ್ಮನ್‌ನಲ್ಲೇ ಮಾತು. ನೀನು ತಡವರಿಸು, ನಾನು ಉಗ್ಗುತ್ತೇನೆ. ಆಮೇಲೆ ಹೊಸನಗರದಲ್ಲಿ ಮಳೆ ಹಿಡಿಯಿತಾ ಅಂತ ಕನ್ನಡದಲ್ಲಿ ಹೇಳುವೆಯಂತೆ.