ಎರಡು ಇಂಚು ಫೋಮು, ನೂರು ರೂಪಾಯಿ ಕಡಿತ

ಕುಮಟಾದ ಓದುಗರೊಬ್ಬರು ಹೋದ ಸಂಚಿಕೆಯಲ್ಲಿ ಮಹಾರಾಷ್ಟ್ರದ ರಾಜಾಪುರದ ಮಾಜಿ ಸಂಸದ ಮಧು ದಂಡವತೆಯವರ ಬಗ್ಗೆ ಬಂದ ಲೇಖನ ಓದಿ ಮೂರು ಪುಟಗಳ ಪತ್ರ ಬರೆದಿದ್ದಾರೆ. ಅವರ ಆಕ್ಷೇಪ ಎರಡು. ಕೊಂಕಣ ರೈಲು ತಂದವರು ಜಾರ್ಜ್ ಫರ್ನಾಂಡಿಸ್, ಅದರ ಕೀರ್ತಿಯನ್ನು ದಂಡವತೆಗೆ ಹಂಚಿದ್ದು ತಪ್ಪು ಎನ್ನುವುದು ಮೊದಲನೆಯದು. ಮಾಜಿ ಸಂಸದರ ಬಗ್ಗೆ ಬರೆದ ಮೇಲೆ ‘ಕ್ಷೇತ್ರಕ್ಕೆ ಏನು ತಂದರು’ ಎಂಬ ಪಟ್ಟಿ ಬೇಡವೇ ಎನ್ನುವುದು ಎರಡನೆಯದು. ಮುಂದಿನ ಸಲ ತಮ್ಮೂರ ಕಡೆಯ ಚುಟುಕ ಕವಿ, ಮಾಜಿ ಸಂಸದ ದಿನಕರ ದೇಸಾಯಿಯವರ ಬಗ್ಗೆ ತಾವೇ ಬರೆಯುವುದಾಗಿಯೂ ತಿಳಿಸಿದ್ದಾರೆ.

ಮಾನ್ಯರೇ, ಜಾರ್ಜ್ ವಿಷಯ ಒಪ್ಪಿದೆವು. ರೈಲ್ವೆ ಮಂತ್ರಿಯಾಗಿ ಯೋಜನೆಗೆ ಪ್ರತ್ಯೇಕ ನಿಗಮ ಕಟ್ಟಿಸಿ, ಎಂಜಿನಿಯರ್ ಇ. ಶ್ರೀಧರನ್ ಕೈಗೆ ಒಪ್ಪಿಸಿದವರು ಅವರೇ. ಆದರೆ ನಿಗಮ ನೋಂದಣಿಯಾದದ್ದು 1990ರ ಜುಲೈ 19ರಂದು. ಆ ವರ್ಷ ಹಣಕಾಸು ಖಾತೆಯಲ್ಲಿ ಕೂತವರು ಯಾರು? ದಂಡವತೆ. ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನದಲ್ಲಿ ಆ ಜುಲೈವರೆಗೂ ಇದ್ದವರು ನಿಮ್ಮದೇ ಜಿಲ್ಲೆಯ ರಾಮಕೃಷ್ಣ ಹೆಗಡೆ. ಷೇರು ಬಂಡವಾಳದಲ್ಲಿ ರೈಲ್ವೆಯ ಪಾಲು ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ದುಡ್ಡನ್ನು ಬಹುಪಾಲು ಬಾಂಡ್ ಮಾರಿ ಎತ್ತಬೇಕು. ಇಂಥ ಏರ್ಪಾಡಿಗೆ ಹಣಕಾಸು ಇಲಾಖೆ ಒಲ್ಲೆ ಎಂದರೆ ಕಡತ ಅಲ್ಲೇ ಮಲಗುತ್ತದೆ. ಗೋವಾದ ಪೆರ್ನೆಮ್ ಸುರಂಗದ ಮೆತ್ತನೆ ಜೇಡಿಮಣ್ಣು ಕುಸಿದು ಕುಸಿದು ಎಂಜಿನಿಯರುಗಳನ್ನು ಕಾಡಿದ ಕಥೆ ಎಲ್ಲರ ಬಾಯಲ್ಲಿದೆ. ದೆಹಲಿಯ ಕಡತಗಳಲ್ಲೂ ಅಂಥದೇ ಮಣ್ಣಿರುತ್ತದೆ, ಅದನ್ನು ಯಾರೂ ಬರೆಯುವುದಿಲ್ಲ. 1998ರ ಜನವರಿ 26ರಂದು ಮಾರ್ಗ ಪೂರ್ತಿ ತೆರೆಯುವ ಹೊತ್ತಿಗೆ ದಂಡವತೆ ಸಂಸದರಾಗಿ ಉಳಿದಿರಲಿಲ್ಲ. 1991ರಲ್ಲೇ ರಾಜಾಪುರದ ಜನ ಅವರನ್ನು ಸೋಲಿಸಿದ್ದರು.

ಇನ್ನು ನಿಮ್ಮ ಪಟ್ಟಿ. ಇಲ್ಲಿ ನಿಮ್ಮ ಜತೆ ಜಗಳವಾಡದೆ ವಿಧಿಯಿಲ್ಲ. ‘ಏನು ತಂದರು’ ಎಂಬ ಪ್ರಶ್ನೆಗೆ ಇಂದಿನ ಅರ್ಥ ಬಂದದ್ದು ಸಂಸದರ ಪ್ರದೇಶಾಭಿವೃದ್ಧಿ ನಿಧಿಯಿಂದ. ಅದು ಶುರುವಾದದ್ದು 1993ರ ಡಿಸೆಂಬರಿನಲ್ಲಿ. ಮೊದಲು ತಲೆಗೆ 5 ಲಕ್ಷ, ಮರುವರ್ಷ 1 ಕೋಟಿ, 1998-99ರಿಂದ 2 ಕೋಟಿ, 2011-12ರಿಂದ 5 ಕೋಟಿ. ಆ ದುಡ್ಡೂ ಸಂಸದರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡಬೇಕು, ಜಿಲ್ಲಾಡಳಿತ ಖರ್ಚು ಮಾಡಬೇಕು. ದಂಡವತೆ 1971ರಿಂದ 1991ರವರೆಗೆ ಸತತ ಐದು ಸಲ ಗೆದ್ದ ಕಾಲಕ್ಕೆ ಇದೊಂದೂ ಇರಲಿಲ್ಲ. ಬಸ್ ತಂಗುದಾಣದ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಸುವ ಭಾಗ್ಯ ಅವರಿಗೆಲ್ಲಿ?

ವಿರೋಧ ಪಕ್ಷದ ಸದಸ್ಯನ ಕೈಯಲ್ಲಿದ್ದ ಹತಾರಗಳು ಬೇರೆ. ಪ್ರಶ್ನೋತ್ತರ ವೇಳೆಯನ್ನೇ ನೋಡಿ. ಹದಿನೈದು ದಿನ ಮೊದಲೇ ನೋಟಿಸು ಕೊಡಬೇಕು, ಚೀಟಿಯಲ್ಲಿ ಹೆಸರು ಮೇಲೆ ಬರಬೇಕು. ದಿನದ ಪಟ್ಟಿಯಲ್ಲಿ ಇಪ್ಪತ್ತು ಚುಕ್ಕೆ ಪ್ರಶ್ನೆಗಳಿದ್ದರೂ ಬಾಯಿಮಾತಿನ ಉತ್ತರ ಸಿಗುವುದು ಐದಾರಕ್ಕೆ. ಮಂತ್ರಿಗೆ ಬೆವರಿಳಿಯುವುದು ಬರೆದುಕೊಂಡು ಬಂದ ಉತ್ತರ ಓದುವಾಗಲ್ಲ, ಅದರ ಬೆನ್ನಿಗೆ ಬರುವ ಉಪಪ್ರಶ್ನೆಗೆ. ಬಜೆಟ್ ಬೇಡಿಕೆಗಳ ಮೇಲಾದರೆ ಕಡಿತ ಸೂಚನೆ: ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನಬೇಕು, ಒಂದು ನಿರ್ದಿಷ್ಟ ಕುಂದುಕೊರತೆ ಎತ್ತಬೇಕಿದ್ದರೆ 100 ರೂಪಾಯಿ ಕಡಿಮೆ ಮಾಡಿ ಎನ್ನಬೇಕು. ಕೋಟಿಗಟ್ಟಲೆ ಬೇಡಿಕೆಯಲ್ಲಿ ನೂರು ರೂಪಾಯಿ! ನಗು ಬರುತ್ತದೆ, ಆದರೆ ಹಳ್ಳಿಯ ಹಾಳು ಸೇತುವೆ ಸಂಸತ್ತಿನ ಕಡತಕ್ಕೆ ಸೇರುವ ದಾರಿ ಅದು. ಖಾಸಗಿ ಮಸೂದೆಯನ್ನು, ಅಂದರೆ ಮಂತ್ರಿಯಲ್ಲದ ಸದಸ್ಯ ತಾನೇ ತರುವ ಮಸೂದೆಯನ್ನು, ನೆಚ್ಚಿದರೆ ಕೆಟ್ಟಂತೆ. ಇದುವರೆಗೆ ಕಾನೂನಾದವು ಹದಿನಾಲ್ಕೇ, ಕೊನೆಯದು 1970ರಲ್ಲಿ.

ಸಮಿತಿಯ ಕೆಲಸವಂತೂ ಯಾವ ಅಭಿನಂದನ ಗ್ರಂಥಕ್ಕೂ ಬೇಡ. ಪಕ್ಷಾಂತರ ತಡೆ ಮಸೂದೆಯ ಜಂಟಿ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದಾಗಲೇ, ತುರ್ತು ಪರಿಸ್ಥಿತಿಯ ಬೆನ್ನಿಗೇ 1975ರ ಜೂನ್ 26ರಂದು, ವಾಜಪೇಯಿ, ಅಡ್ವಾಣಿ, ಶ್ಯಾಮನಂದನ ಮಿಶ್ರರ ಜತೆ ದಂಡವತೆಯೂ ಬಂಧನಕ್ಕೊಳಗಾದರು. ಅವರನ್ನಿಟ್ಟಿದ್ದ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. ಜೈಲಿನ ಕಥೆ ಎಲ್ಲರಿಗೂ ಗೊತ್ತು. ಆ ಮಸೂದೆ ಬಿದ್ದುಹೋಗಿ, ಪಕ್ಷಾಂತರ ಕಾಯ್ದೆ ಬರಲು 1985 ಆಗಬೇಕಾಯಿತು ಎಂಬುದನ್ನು ಯಾರು ನೆನೆಯುತ್ತಾರೆ?

ಅಧಿಕಾರ ಸಿಕ್ಕಿದಾಗ ಮಾಡಿದ್ದು ಸಂಸದನ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ನೀವು ಕೇಳಬಹುದು. ಸೇರುತ್ತದೆ. 1977ರಲ್ಲಿ ರೈಲ್ವೆ ಮಂತ್ರಿಯಾದ ಈ ಭೌತಶಾಸ್ತ್ರದ ಮೇಷ್ಟ್ರು, 1974ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ವಾಪಸು ತೆಗೆದುಕೊಂಡರು. ಆಮೇಲೆ ಕೈ ಹಾಕಿದ್ದು ಎರಡನೇ ದರ್ಜೆಯ ಮರದ ಹಲಗೆಗೆ. ಮೂರನೇ ದರ್ಜೆಯ ಹೆಸರನ್ನು 1974ರಲ್ಲಿ ‘ಎರಡನೇ ದರ್ಜೆ’ ಎಂದು ಬದಲಿಸಿದ್ದರಷ್ಟೇ, ಬೆನ್ನಿಗೆ ಒತ್ತುತ್ತಿದ್ದದ್ದು ಅದೇ ಹಲಗೆ. ದಂಡವತೆ ಅದರ ಮೇಲೆ ಎರಡು ಇಂಚು ಫೋಮು ಹಾಸಿಸಿದರು. ನಡುವಿನ ಬರ್ತು ಹಗಲು ಮಡಚಿದರೆ ಕೆಳಗೆ ಕೂತವರ ಬೆನ್ನಿಗೆ ಒರಗು. ಹಾಗಾಗಿ ಅದಕ್ಕೆ ಹಾಸಿದ ಫೋಮು ಹಗಲೂ ರಾತ್ರಿ ದುಡಿಯುತ್ತದೆ. ಈಗಿನ ಹಳೇ ಮಾದರಿಯ ಸ್ಲೀಪರ್ ಬೋಗಿಯಲ್ಲಿ 72 ಬರ್ತು. ಎಣಿಸಿ ನೋಡಿ, ಯಾವ ಸಂಸದರ ನಿಧಿಯ ಕಾಮಗಾರಿ ಇಷ್ಟು ಬೆನ್ನುಗಳನ್ನು ಮುಟ್ಟಿದೆ? 1977ರ ಡಿಸೆಂಬರ್ 26ರಂದು ಮುಂಬಯಿ–ಹೌರಾ ನಡುವೆ ಓಡಿದ ಗೀತಾಂಜಲಿ ಎಕ್ಸ್‌ಪ್ರೆಸ್‌ನಲ್ಲಿ ದರ್ಜೆಯ ಭೇದವನ್ನೇ ತೆಗೆದಿದ್ದರು.

ನಮ್ಮಲ್ಲಿ ಇದ್ಯಾವುದೂ ಬರೆಯಲ್ಪಡುವುದಿಲ್ಲ. ‘ಸರಳ ಸಜ್ಜನಿಕೆಯ ಮೂರ್ತಿ’, ‘ಅಜಾತಶತ್ರು’, ಖಾದಿ ಜುಬ್ಬ, ಮುಗಿಯಿತು. ಸಂಸದರ ಸಂಸ್ಮರಣ ಗ್ರಂಥ ಎಂದರೆ ಮುನ್ನೂರು ಪುಟ ಹಾರ ತುರಾಯಿ, ಸದನದಲ್ಲಿ ಆಡಿದ ಒಂದು ಮಾತೂ ಇಲ್ಲ.

ನೀವು ದೇಸಾಯಿಯವರ ಬಗ್ಗೆ ಬರೆಯುತ್ತೇನೆಂದದ್ದು ಆದ್ದರಿಂದಲೇ ಖುಷಿ ತಂದಿದೆ. ಚುಟುಕ, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು ಇರಲಿ. ಅವು ನಾಡಿಗೇ ಗೊತ್ತು. ನಮಗೆ ಬೇಕಾದ್ದು 1967ರ ಮಾರ್ಚಿನಿಂದ 1970ರ ಡಿಸೆಂಬರ್ 27ರವರೆಗಿನ ನಾಲ್ಕನೇ ಲೋಕಸಭೆಯಲ್ಲಿ ಅವರು ಸಂಸದರಾಗಿ ಮಾಡಿದ ಕೆಲಸ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಕಲಾಪದ ಹಳೇ ಸಂಪುಟಗಳಿವೆ. ‘ಉತ್ತರ ಕನ್ನಡ’ ಎಂದು ಹುಡುಕಿದರೆ ಏನೂ ಸಿಗದು. 2009ರ ಚುನಾವಣೆಗೆ ಮೊದಲು ಕ್ಷೇತ್ರದ ಹೆಸರು ಕೆನರಾ. ಇಂಗ್ಲಿಷಿನಲ್ಲಿ ಅವರ ಹೆಸರಿನ ಕಾಗುಣಿತವನ್ನು ಎರಡು ಮೂರು ಬಗೆಯಲ್ಲಿ ಕೊಟ್ಟು ನೋಡಿ. ಸ್ಕ್ಯಾನ್ ಮಸುಕಾದ ಕಡೆ ಯಂತ್ರ ಅಕ್ಷರ ಗುರುತಿಸುವುದಿಲ್ಲ, ದಿನದ ವಿಷಯಸೂಚಿಯನ್ನು ಕಣ್ಣಿಂದಲೇ ಓದಬೇಕು. ಹಳೇ ಸಂಪುಟಗಳಲ್ಲಿ ಅಂಕಿ ಇರುವುದು ಪುಟಕ್ಕಲ್ಲ, ಕಾಲಮಿಗೆ; ಟಿಪ್ಪಣಿ ಮಾಡಿಕೊಳ್ಳುವಾಗ ತಾರೀಖು ಮತ್ತು ಕಾಲಮ್ ಎರಡನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಮತ್ತೆ ಹುಡುಕುವಾಗ ತಲೆ ಕೆಡುತ್ತದೆ. ಮೊದಲು ಉಪಪ್ರಶ್ನೆಗಳನ್ನು ಆರಿಸಿ ಕಳಿಸಿ. ಭಾಷಣಗಳಿಗೆ ಆಮೇಲೆ ಜಾಗ ಮಾಡೋಣ.

— ಸಂ.