ಟ್ರೊಮ್ಸೊದಿಂದ ಲಾಂಗ್‌ಯರ್‌ಬಿಯೆನ್: ಮ್ಯಾಪ್ ನೋಡಿ ಹೆದರಬೇಡ

ತಮ್ಮಾ, ನಾರ್ವೆಯ ಉತ್ತರದ ಈ ಟ್ರೊಮ್ಸೊಗೆ ಓದಲು ಬಂದು ಇನ್ನೂ ಎರಡು ತಿಂಗಳು. ಆಗಲೇ ಜನವರಿಯಿಂದ ಒಂದು ಸೆಮಿಸ್ಟರ್ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೊರಟಿದ್ದೀಯ. ಅಲ್ಲಿನ ಮುಖ್ಯ ಊರು ಲಾಂಗ್‌ಯರ್‌ಬಿಯೆನ್ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು, ವಾರ ವಾರ ರೂಮಿಗೆ ಬಂದು ಹೋಗಬಹುದಾ ಅಂತ ಕೇಳಿದ್ದೀಯ. ಈ ಊರಲ್ಲಿ ನನಗಿದು 11ನೇ ಚಳಿಗಾಲ. ಕಂಡಿದ್ದನ್ನು ಹೇಳುತ್ತೇನೆ.

ನೇರ ದೂರ ಸುಮಾರು 960 ಕಿಲೋಮೀಟರ್. ವಿಮಾನಕ್ಕೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಗಂಟೆ. ಬೆಂಗಳೂರಿಂದ ಮುಂಬೈಗೆ ಹಾರುವಷ್ಟೇ ಹೊತ್ತು. ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ, ಎರಡೂ ಕಡೆ ಒಂದೇ ಟೈಮು.

ನೀನು ಗಾಬರಿಯಾಗಿದ್ದು ಫೋನಿನ ಮ್ಯಾಪ್ ನೋಡಿ, ಅಲ್ವಾ? ನಾನೂ ಆಗಿದ್ದೆ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿ ತೋರಿಸುವಾಗ ಉತ್ತರಕ್ಕೆ ಹೋದಷ್ಟೂ ಜಾಸ್ತಿ ಹಿಗ್ಗಿಸಬೇಕಾಗುತ್ತದೆ. ಟ್ರೊಮ್ಸೊ ಇರುವುದು 70 ಡಿಗ್ರಿ ಉತ್ತರದ ಹತ್ತಿರ, ಲಾಂಗ್‌ಯರ್‌ಬಿಯೆನ್ 78ರಲ್ಲಿ. ಅಂಥ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಅಳೆದರೆ ಈ ದಾರಿ ಕಾಶ್ಮೀರದಿಂದ ಕನ್ಯಾಕುಮಾರಿಯಷ್ಟು ಉದ್ದ ಬರುತ್ತದೆ! ಗ್ಲೋಬ್ ಸಿಕ್ಕರೆ ದಾರ ಇಟ್ಟು ನೋಡು.

ಹೊತ್ತು ಹೋಗುವುದೆಲ್ಲ ನೆಲದ ಮೇಲೆ. ಸ್ವಾಲ್‌ಬಾರ್ಡ್ ನಾರ್ವೆಯದ್ದೇ, ಆದರೆ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಓಡಾಡಬಹುದಾದ ಷೆಂಗೆನ್ ವಲಯಕ್ಕೆ ಸೇರಿಲ್ಲ. ಹಾಗಾಗಿ ಟ್ರೊಮ್ಸೊದಲ್ಲೇ ಪಾಸ್‌ಪೋರ್ಟ್ ತೋರಿಸಬೇಕು. ಓಸ್ಲೋದಿಂದ ಇಲ್ಲಿ ನಿಂತು ಹೋಗುವ ವಿಮಾನವಾದರೆ ಎಲ್ಲರನ್ನೂ ಇಳಿಸಿ, ತಪಾಸಣೆ ಮಾಡಿ, ಮತ್ತೆ ಹತ್ತಿಸುತ್ತಾರೆ. ನಿನ್ನ ರೆಸಿಡೆನ್ಸ್ ಕಾರ್ಡ್ ಜೇಬಲ್ಲೇ ಇರಲಿ. ಮುಂದೆ ಅಪ್ಪ ಅಮ್ಮ ನೋಡಲು ಬಂದರೆ ಡಬಲ್ ಎಂಟ್ರಿ ವೀಸಾನೇ ಮಾಡಿಸು. ಸಿಂಗಲ್ ಎಂಟ್ರಿ ಆದರೆ ಸ್ವಾಲ್‌ಬಾರ್ಡ್‌ಗೆ ಹೊರಟ ಕೂಡಲೇ ಅದು ಮುಗಿದಂತೆ, ವಾಪಸ್ ಬರುವಾಗ ಪೇಚಾಟ.

ಅಂದ ಹಾಗೆ, ಅಮ್ಮನಿಗೆ ಧೈರ್ಯ ಹೇಳಬೇಕಿದ್ದರೆ ಇದನ್ನು ಹೇಳು: ನೀನು ಹೋಗುವ ಊರಿಗಿಂತ ಇನ್ನೂ ಉತ್ತರಕ್ಕೆ, ನೈ-ಓಲೆಸುಂಡ್‌ನಲ್ಲಿ, 2008ರಿಂದ ನಮ್ಮ ದೇಶದ್ದೇ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ.

ಇನ್ನು ಹವಾಮಾನ. ಒಂದು ಬೇಸಿಗೆಯಲ್ಲಿ ನಾನು ಹೊರಟಾಗ ಅಲ್ಲಿ ಮಂಜು ಕವಿದಿತ್ತು. ವಿಮಾನ ಸುತ್ತಿ ಸುತ್ತಿ, ಇಳಿಯಲಾಗದೆ ಟ್ರೊಮ್ಸೊಗೇ ಬಂತು. ನಾಲ್ಕು ಗಂಟೆ ಹಾರಿ, ಹೊರಟ ಜಾಗದಲ್ಲೇ ಕೂತು ಕಾಫಿ ಕುಡಿದೆ. ಆ ಕಾಫಿಗೆ ಕೊಟ್ಟ ದುಡ್ಡನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ಸಮುದ್ರದ ನಡುವಿನ ಜಾಗ, ರಸ್ತೆಯಂತೂ ಇಲ್ಲ, ಬಸ್ಸಿನ ಹಾಗೆ ಓಡಾಡುವ ಹಡಗೂ ಇಲ್ಲ. ಮುಂದಿನ ವಿಮಾನಕ್ಕೆ ಸುಮ್ನೆ ಕಾಯಬೇಕು.

ಹಾಗಾಗಿ ವಾರ ವಾರ ಬರುವ ಆಸೆ ಬಿಡು. ಟಿಕೆಟ್ ದುಡ್ಡು ಒಂದು ಕಡೆ, ಸೋಮವಾರದ ಕ್ಲಾಸಿಗೆ ತಲುಪುವ ಖಾತ್ರಿಯೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಬಾ. ನೀನು ಹೋಗುವ ಹೊತ್ತಿಗೆ ಅಲ್ಲಿ ಪೂರ್ತಿ ಕತ್ತಲೆ ಇರುತ್ತದೆ. ಫೆಬ್ರವರಿ ಮಧ್ಯದಲ್ಲಿ ಸೂರ್ಯ ಮೇಲೆ ಬಂದರೂ ಬೆಟ್ಟ ಅಡ್ಡ. ಊರೊಳಗೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಅವತ್ತು ಜನವೆಲ್ಲ ಹಳೇ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರಿ ಕಾಯುತ್ತಾರೆ. ಆ ವಾರ ಟ್ರೊಮ್ಸೊಗೆ ಟಿಕೆಟ್ ತೆಗೆದಿದ್ದರೂ ಕ್ಯಾನ್ಸಲ್ ಮಾಡಿಬಿಡು.